ಅದೇ ಸಾಮಾನು, ಬೇರೆ ಜೋಡಣೆ

ಪ್ರಶ್ನೆ: ಶೂ ಅಡಿಭಾಗದ ಒಂದು ಬಗೆಯ ರಬ್ಬರಿನಲ್ಲಿ ಪಾಲಿಸ್ಟೈರೀನ್, ಪಾಲಿಬ್ಯೂಟಾಡೈಯೀನ್ ಎರಡೂ ಇರುತ್ತವಂತೆ. ಪ್ರಮಾಣ ಅಷ್ಟೇ ಇಟ್ಟು, ಜೋಡಿಸುವ ರೀತಿ ಮಾತ್ರ ಬದಲಿಸಿದರೂ ಗುಣವೇ ಬದಲಾಗುತ್ತದೆ ಎಂದು ಓದಿದೆ. ಅದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಇದನ್ನು ನಾನು ಕೈಯಾರೆ ಎಳೆದು ನೋಡಿದ್ದೇನೆ. ಸಂಶೋಧನೆಗೆ ಸೇರಿದ ಹೊಸದರಲ್ಲಿ ಎರಡು ಮಾದರಿಗಳನ್ನು ಟಾಲುಯೀನಿನಲ್ಲಿ ಕರಗಿಸಿ, ಗಾಜಿನ ತಟ್ಟೆಗೆ ಸುರಿದು, ನಿಧಾನವಾಗಿ ಒಣಗಿಸಿದ್ದೆ. ಎರಡರಲ್ಲೂ ಪಾಲಿಸ್ಟೈರೀನ್ ಸುಮಾರು ಶೇ. 30. ನೋಡಲು ಎರಡೂ ಒಂದೇ. ಮೊದಲನೆಯದನ್ನು ಎಳೆದೆ, ಮೆತ್ತಗೆ ಹರಿದು ಬಂತು. ಎರಡನೆಯದು ನಾಲ್ಕೈದು ಪಟ್ಟು ಹಿಗ್ಗಿತು, ಬಿಟ್ಟ ಕೂಡಲೇ ಹಿಂದಕ್ಕೆ ಬಂತು. ಆ ಖುಷಿ ಇನ್ನೂ ನೆನಪಿದೆ.

ಪಾಲಿಮರ್ ಎಂದರೆ ಉದ್ದ ಸರಪಳಿಯಂಥ ಅಣು. ಈ ಎರಡು ಪಾಲಿಮರ್‌ಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲ. ಸುಮ್ನೆ ಬೆರೆಸಿದರೆ ಬೇರೆ ಬೇರೆಯಾಗಿಬಿಡುತ್ತವೆ. ಆದರೆ ಬ್ಲಾಕ್ ಕೋಪಾಲಿಮರ್‌ನಲ್ಲಿ ಅವು ಒಂದೇ ಸರಪಳಿಯ ತುಂಡುಗಳು, ಬಿಟ್ಟು ದೂರ ಹೋಗುವಂತಿಲ್ಲ ಅಲ್ವಾ? ಹಾಗಾಗಿ ಹತ್ತಾರು ನ್ಯಾನೋಮೀಟರ್ ಅಳತೆಯಲ್ಲೇ ವಿಂಗಡಣೆಯಾಗಿ ಗೋಲಿ, ಕಂಬಿ ಅಥವಾ ಪದರಗಳಾಗಿ ತಾವೇ ಜೋಡಿಸಿಕೊಳ್ಳುತ್ತವೆ.

ಹರಿದ ಹಾಳೆಯದು ಎರಡು ತುಂಡಿನ ಸರಪಳಿ. ಅದರಲ್ಲಿ ರಬ್ಬರ್ ತುಂಡಿನ, ಅಂದರೆ ಪಾಲಿಬ್ಯೂಟಾಡೈಯೀನಿನ, ಒಂದು ತುದಿ ಸುಮ್ಮನೆ ಜೋತಾಡುತ್ತಿರುತ್ತದೆ. ಇನ್ನೊಂದರಲ್ಲಿ ಮೂರು ತುಂಡು: ನಡುವೆ ರಬ್ಬರ್, ಎರಡೂ ತುದಿಗೆ ಪಾಲಿಸ್ಟೈರೀನ್. ಒಂದು ತುದಿ ಪಾಲಿಸ್ಟೈರೀನಿನ ಒಂದು ಗಟ್ಟಿ ಕಂಬಿಯಲ್ಲಿ, ಇನ್ನೊಂದು ಪಕ್ಕದ ಕಂಬಿಯಲ್ಲಿ ಸಿಕ್ಕಿಕೊಂಡರೆ ನಡುವಿನ ರಬ್ಬರ್ ಸೇತುವೆಯಾಗುತ್ತದೆ. ಎಲ್ಲ ಸರಪಳಿಗಳೂ ಹಾಗೆ ಮಾಡುವುದಿಲ್ಲ. ಕೆಲವು ಬಾಗಿ, ಹೊರಟ ಕಂಬಿಗೇ ವಾಪಸ್ ಬರುತ್ತವೆ. ಆದರೂ ಇರುವ ಸೇತುವೆಗಳೇ ಸಾಕು, ಹಾಳೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಪಾಲಿಸ್ಟೈರೀನ್ ಮೆತ್ತಗಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಈ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಇಂಥ ರಬ್ಬರನ್ನು ಕರಗಿಸಿ ಮತ್ತೆ ಅಚ್ಚಿಗೆ ಹಾಕಬಹುದು.

ವಿಂಗಡಣೆ ಯಾವಾಗ ಶುರುವಾಗುತ್ತದೆ ಎಂಬುದೂ ಜೋಡಣೆಯ ಮೇಲೆಯೇ ನಿಂತಿದೆ. ತುಂಡುಗಳ ನಡುವಿನ ವೈರವನ್ನು ಒಂದು ಸಂಖ್ಯೆಯಾಗಿ ಅಳೆದು, ಸರಪಳಿಯ ಉದ್ದದಿಂದ (ಅಂದರೆ ಕೊಂಡಿಗಳ ಸಂಖ್ಯೆಯಿಂದ) ಗುಣಿಸಿ. ಎರಡೂ ಪಾಲಿಮರ್ ಸಮವಾಗಿದ್ದಾಗ, ಎರಡು ತುಂಡಿನ ಸರಪಳಿಗೆ ಆ ಗುಣಲಬ್ಧ 10.5 ದಾಟಬೇಕು ಎಂದು 1980ರಲ್ಲಿ ಭೌತವಿಜ್ಞಾನಿ ಲುಡ್ವಿಕ್ ಲೈಬ್ಲರ್ ಲೆಕ್ಕ ಹಾಕಿದರು. ಅಷ್ಟೇ ಉದ್ದದ ಮೂರು ತುಂಡಿನದಕ್ಕೆ ಸುಮಾರು 18 ಬೇಕು.

ನನಗೆ ಬಹಳ ಇಷ್ಟವಾದದ್ದು ನಕ್ಷತ್ರದಂಥ ಸರಪಳಿ. ಒಂದೇ ಬಿಂದುವಿನಿಂದ ಒಂದು ಪಾಲಿಮರಿನ ಒಂದು ತೋಳು, ಇನ್ನೊಂದರ ಎರಡು ತೋಳು. ಎರಡು ತೋಳಿರುವ ಕಡೆ ಇಕ್ಕಟ್ಟು ಜಾಸ್ತಿ. ಜಾಗ ಸಿಗಲೆಂದು ಗಡಿಯೇ ಒಂದು ತೋಳಿನ ಕಡೆಗೆ ಬಾಗುತ್ತದೆ. ನೇರ ಸರಪಳಿ ಚಪ್ಪಟೆ ಪದರ ಕಟ್ಟುವ ಕೆಲವು ಪ್ರಮಾಣಗಳಲ್ಲಿ ಇದು ಕಂಬಿ ಕಟ್ಟುವುದು ಇದರಿಂದಲೇ. ಒಂದು ಕಾಗದದ ಮೇಲೆ ಗೆರೆ ಎಳೆದು, ಅದರುದ್ದಕ್ಕೂ ಇಂಥ ನಕ್ಷತ್ರಗಳನ್ನು ಒತ್ತೊತ್ತಾಗಿ ಬರೆಯಿರಿ. ನಾಲ್ಕೈದು ಬರೆಯುವಷ್ಟರಲ್ಲಿ ಎರಡು ತೋಳಿನ ಕಡೆ ಜಾಗ ಸಾಲದಾಗುತ್ತದೆ.