ಓದುಗರ ಪ್ರಶ್ನೆ: ಪೋಕೆಮಾನ್ ಹಿಡಿಯುವ ಮಕ್ಕಳು, ಮೊಟ್ಟೆಗೆ ಹೋದ ದುಡ್ಡು

ಪ್ರಶ್ನೆ: ಮೇಡಂ, ನನ್ನ ಮಗನಿಗೆ 9 ವರ್ಷ. ಪ್ರಾಣಿಗಳನ್ನು ಹಿಡಿದು ಸಾಕುವ ಮೊಬೈಲ್ ಗೇಮ್‌ಗಳ ಹುಚ್ಚು ಹತ್ತಿದೆ. ಊಟಕ್ಕೆ ಕೂತರೂ ಅದೇ ಮಾತು. ಹೋದ ತಿಂಗಳು ಅಂಥ ಒಂದು ಗೇಮ್‌ನಲ್ಲಿ ಮೊಟ್ಟೆ ಕೊಳ್ಳೋಕೆ ಅಂತ ನಮ್ಮ ಯಜಮಾನರ ಫೋನಿನಿಂದ 1,780 ರೂಪಾಯಿ ಖರ್ಚು ಮಾಡಿಬಿಟ್ಟ. ಕೇಳಿದರೆ, ‘ಅದು ದುಡ್ಡು ಅಂತ ಗೊತ್ತಿರಲಿಲ್ಲಮ್ಮ, ವಜ್ರ ಅಂದುಕೊಂಡೆ’ ಅಂತ ಅಳುತ್ತಾನೆ. ಎಲ್ಲ ಗೇಮ್ ತೆಗೆದುಹಾಕು ಅಂತಾರೆ ಯಜಮಾನರು. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಮಗನ ಮಾತನ್ನು ನಂಬಿ. ಈ ಗೇಮ್‌ಗಳ ಅಂಗಡಿಯಲ್ಲಿ ರೂಪಾಯಿ ಕೊಟ್ಟರೆ ನೇರವಾಗಿ ಮೊಟ್ಟೆ ಸಿಗುವುದಿಲ್ಲ. ರೂಪಾಯಿಗೆ ವಜ್ರ, ವಜ್ರಕ್ಕೆ ಮೊಟ್ಟೆ, ಮೊಟ್ಟೆ ಒಡೆದರೆ ಒಂದು ಪ್ರಾಣಿ. ಆಟದಲ್ಲಿ ಗೆದ್ದ ವಜ್ರವೂ, ಅಪ್ಪನ ಖಾತೆಯಿಂದ ಬಂದ ವಜ್ರವೂ ಒಂದೇ ಡಬ್ಬಿಗೆ ಬೀಳುತ್ತವೆ. 9 ವರ್ಷದ ಹುಡುಗನಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು ಹೇಳಿ? ಇದನ್ನು ಕಳ್ಳತನ ಅಂತ ದಯವಿಟ್ಟು ಕರೆಯಬೇಡಿ.

ದುಡ್ಡಿನ ಬಾಗಿಲನ್ನು ಮಾತ್ರ ಇವತ್ತೇ ಮುಚ್ಚಿ. ಆಂಡ್ರಾಯ್ಡ್ ಫೋನಾದರೆ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಏನೇ ಕೊಂಡರೂ ಪ್ರತಿ ಸಲ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಐಫೋನಾದರೆ ಸ್ಕ್ರೀನ್ ಟೈಮ್ ಅನ್ನುವಲ್ಲಿ ಗೇಮ್ ಒಳಗಿನ ಖರೀದಿಯನ್ನು ಪೂರ್ತಿ ನಿಲ್ಲಿಸಬಹುದು. ಮಗನ ಕೈಗೆ ಕೊಡುವ ಫೋನಿನ ಆಪ್ ಸ್ಟೋರ್‌ಗೆ ಕಾರ್ಡ್, ಯುಪಿಐ ಯಾವುದನ್ನೂ ಜೋಡಿಸಿ ಇಡಬೇಡಿ. ಇನ್ನೊಮ್ಮೆ ಹೀಗಾದರೆ ಸುಮ್ನೆ ಕೂರಬೇಡಿ. ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದಾದರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಕೇಳಿ. ಅದು ದಾಟಿದರೆ ಗೇಮ್ ಮಾಡಿದ ಕಂಪನಿಯನ್ನೇ ಕೇಳಬೇಕಾಗುತ್ತದೆ.

ಈಗ ಯಜಮಾನರ ಮಾತಿಗೆ ಬರೋಣ. ಎಲ್ಲ ಗೇಮ್ ತೆಗೆದುಹಾಕುವುದು ಬೇಡ ಅಂತ ನಾನು ಹೇಳುತ್ತೇನೆ. ಯಾಕೆ ಅಂದರೆ, ಹಿಡಿಯುವ ಖುಷಿ ಬೇರೆ, ಕೊಳ್ಳುವ ಅಂಗಡಿ ಬೇರೆ. ಒಂದೇ ಪರದೆಯ ಮೇಲೆ ಇರುವುದರಿಂದ ನಮಗೆ ಎರಡೂ ಒಂದೇ ಅನ್ನಿಸುತ್ತವೆ.

ಹಿಡಿಯುವ ಖುಷಿ ಎಲ್ಲಿಂದ ಬಂತು ಗೊತ್ತಾ? ಜಪಾನಿನ ಸತೋಶಿ ತಾಜಿರಿ ಚಿಕ್ಕವರಿದ್ದಾಗ ಟೋಕಿಯೋದ ಹೊರವಲಯದಲ್ಲಿ ಗದ್ದೆ, ಹೊಂಡ ಸುತ್ತಿ ಹುಳ ಹಿಡಿಯುತ್ತಿದ್ದರು. ಊರು ಬೆಳೆದು ಹೊಂಡಗಳೆಲ್ಲ ಮುಚ್ಚಿಹೋದವು. ಆ ಖುಷಿಯನ್ನು ಮಕ್ಕಳಿಗೆ ಮತ್ತೆ ಕೊಡಬೇಕು ಅಂತಲೇ ಅವರು ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಪೋಕೆಮಾನ್ ಗೇಮ್ ಮಾಡಿದ್ದು. ಆ ಪ್ರಾಣಿಗಳಿಗೂ ಪೋಕೆಮಾನ್ ಅಂತಲೇ ಹೆಸರು. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಂತು. ಒಟ್ಟು 151 ಪ್ರಾಣಿ. ಕೆಂಪು, ಹಸಿರು ಅಂತ ಎರಡು ಬಗೆಯಲ್ಲಿ ಮಾರಿದರು. ಕೆಲವು ಪ್ರಾಣಿ ಕೆಂಪಿನಲ್ಲಿ ಮಾತ್ರ, ಕೆಲವು ಹಸಿರಿನಲ್ಲಿ ಮಾತ್ರ ಸಿಗುತ್ತಿದ್ದವು. ಅಂದರೆ ಪಟ್ಟಿ ಪೂರ್ತಿಯಾಗಬೇಕಾದರೆ ಸ್ನೇಹಿತನ ಹತ್ತಿರ ಬದಲಾಯಿಸಿಕೊಳ್ಳಲೇಬೇಕು. ನಾವು ಬೆಂಕಿಪೊಟ್ಟಣದ ಚಿತ್ರ, ಸ್ಟಾಂಪು ಕೂಡಿಸಿ ‘ನನ್ನ ಹತ್ತಿರ ಇದು ಎರಡಿದೆ, ನಿಂದು ಕೊಡ್ತೀಯಾ?’ ಅಂತ ಕೇಳುತ್ತಿದ್ದೆವಲ್ಲ, ಅದೇ.

ಒಂದು ಸಂಜೆ ಅರ್ಧ ಗಂಟೆ ಮಗನ ಪಕ್ಕ ಕೂತು, ‘ನಿನಗೆ ಎಲ್ಲಕ್ಕಿಂತ ಇಷ್ಟ ಯಾವುದು, ತೋರಿಸು’ ಅನ್ನಿ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗ ಇಪ್ಪತ್ತು ನಿಮಿಷ ಬಾಯಿ ಬಿಟ್ಟಿರಲಿಲ್ಲ. ಇದನ್ನು ಕೇಳಿದ್ದೇ ತಡ, ಮ್ಯಾಜಿಕಾರ್ಪ್ ಅನ್ನುವ ಕೆಂಪು ಮೀನು ತೋರಿಸಿದ. ಅದಕ್ಕೆ ಶುರುವಿನಲ್ಲಿ ಪಟಪಟ ಎಗರುವುದು ಬಿಟ್ಟು ಏನೂ ಬರುವುದಿಲ್ಲ. ಯಾರ ಮೇಲೂ ಗೆಲ್ಲುವುದಿಲ್ಲ. ಆದರೆ ಬಿಡದೆ ಬೆಳೆಸಿ 20ನೇ ಹಂತ ಮುಟ್ಟಿಸಿದರೆ ಗ್ಯಾರಡೋಸ್ ಅನ್ನುವ ದೊಡ್ಡ ಹಾವಿನಂಥ ಪ್ರಾಣಿ ಆಗುತ್ತದೆ. ‘ಎಲ್ರೂ ಇದನ್ನ ವೇಸ್ಟ್ ಅಂತಾರೆ ಆಂಟಿ, ನಾನು ಬಿಡಲಿಲ್ಲ’ ಅಂದ ಹುಡುಗ. ಆ ಹುಡುಗ ಕ್ಲಾಸಿನಲ್ಲಿ ಹಿಂದೆ ಬಿದ್ದಿದ್ದ. ಅವನು ಮೀನಿನ ಕಥೆ ಮಾತ್ರ ಹೇಳುತ್ತಿಲ್ಲ ಅಂತ ನನಗೆ ಗೊತ್ತಾಯಿತು. ಗೇಮ್ ತೆಗೆದುಹಾಕಿದ್ದರೆ ಈ ಮಾತು ಅಮ್ಮನಿಗೂ ಸಿಗುತ್ತಿರಲಿಲ್ಲ, ನನಗೂ ಸಿಗುತ್ತಿರಲಿಲ್ಲ.

ಇನ್ನು ಮೊಟ್ಟೆ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳುವುದು ಲಾಟರಿಗೆ ತೀರಾ ಹತ್ತಿರ. ದುಡ್ಡು ಕೊಟ್ಟು ತೆರೆಯುವ ಇಂಥ ಗುಪ್ತ ಪೆಟ್ಟಿಗೆಗಳು ಜೂಜೇ ಅಂತ ಬೆಲ್ಜಿಯಂ ದೇಶ 2018ರಲ್ಲೇ ಹೇಳಿತು. ಮಗನಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಮಾಡಿಸಿ. ಒಂದು ಡಬ್ಬಿಗೆ 100 ಕಡಲೆಕಾಳು ಎಣಿಸಿ ಹಾಕಿ. ಒಂದಕ್ಕೆ ಮಾತ್ರ ಸ್ಕೆಚ್ ಪೆನ್ನಿನಿಂದ ಕೆಂಪು ಬಳಿಯಿರಿ. ಕಣ್ಣು ಮುಚ್ಚಿ ಒಂದು ತೆಗೆಯಲಿ, ನೋಡಿ ಮತ್ತೆ ಹಾಕಿ ಕುಲುಕಲಿ. ಪ್ರತಿ ಸಲಕ್ಕೆ 50 ರೂಪಾಯಿ ಅಂತ ಹಾಳೆಯಲ್ಲಿ ಗೀಟು ಎಳೆಯಲಿ. ಅಪರೂಪದ ಪ್ರಾಣಿ ಸಿಗುವ ಸಾಧ್ಯತೆ ‘ಶೇಕಡ 1’ ಅಂತ ಗೇಮ್ ಹೇಳುತ್ತದಲ್ಲ, ಅದು ಇದೇ. ಕೆಂಪು ಕಾಳು ಸಿಗುವಷ್ಟರಲ್ಲಿ ಎಷ್ಟು ದುಡ್ಡಾಯಿತು ಅಂತ ಅವನೇ ಕೂಡಲಿ. ಒಂದು ವೇಳೆ ಮೊದಲ ಸಲವೇ ಸಿಕ್ಕಿತು ಅನ್ನಿ, ನಿಲ್ಲಿಸಬೇಡಿ. ಎರಡನೇದಕ್ಕೆ ಹುಡುಕಲಿ.

ಸಮಯದ ಬಗ್ಗೆ ಒಂದೇ ಮಾತು. ಹೋರಾಟದ ನಡುವೆ ಫೋನ್ ಕಿತ್ತುಕೊಳ್ಳಬೇಡಿ. ‘ಇದೊಂದು ಮುಗಿಸಿ, ಸೇವ್ ಮಾಡಿ ಕೊಡು’ ಅನ್ನಿ. ಮನೆಯ ಅರ್ಧ ಜಗಳ ಇದರಿಂದಲೇ ನಿಲ್ಲುತ್ತದೆ.

ನಿದ್ದೆ, ಊಟ, ಸ್ಕೂಲು, ಗೆಳೆಯರು ಎಲ್ಲ ಬಿಟ್ಟು ತಿಂಗಳುಗಟ್ಟಲೆ ಅದೇ ಆದರೆ ಮಾತ್ರ ಸಹಾಯ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ 2014ರಿಂದ ಇದೆ. ದಾವಣಗೆರೆಯಿಂದ ಹೋಗುವುದು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗನಿಗೆ ಈಗ ಅದರ ಅಗತ್ಯ ಕಾಣುವುದಿಲ್ಲ.

ಪ್ರಶ್ನೆ: 11 ವರ್ಷದ ಮಗಳು ಪೋಕೆಮಾನ್ ಗೋ ಆಡೋಕೆ ಹೊರಗೆ ಹೋಗಬೇಕು ಅಂತಾಳೆ. ಕಳಿಸಬಹುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಫೋನ್ ಹಿಡಿದು ಹೊರಗೆ ನಿಜವಾದ ಜಾಗಗಳಲ್ಲಿ ಓಡಾಡಿ ಪೋಕೆಮಾನ್ ಹಿಡಿಯುವ ಗೇಮ್ ಇದು. ಒಬ್ಬಳನ್ನೇ ಬೇಡ. ನೀವೂ ಹೋಗಿ, ನಡೆದರೆ ನಿಮಗೂ ಒಳ್ಳೆಯದು. ಈ ಗೇಮ್‌ನಲ್ಲಿ ಮೊಟ್ಟೆ ಒಡೆಯಬೇಕಾದರೆ 2, 5, 10 ಕಿಲೋಮೀಟರ್ ಹೀಗೆ ನಡೆಯಬೇಕು. ಸ್ಕೂಟರ್ ಮೇಲೆ ಕೂರಿಸಿಕೊಂಡು ಸುತ್ತಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಅಡ್ವೆಂಚರ್ ಸಿಂಕ್ ಅನ್ನುವುದನ್ನು ಆನ್ ಮಾಡಿದರೆ ಗೇಮ್ ಮುಚ್ಚಿದ್ದರೂ ಹೆಜ್ಜೆ ಎಣಿಸುತ್ತದೆ. ಆದ್ದರಿಂದ ರಸ್ತೆಯಲ್ಲಿ ಫೋನ್ ಜೇಬಲ್ಲಿ, ಪಾರ್ಕಿನಲ್ಲಿ ನಿಂತಾಗ ಕೈಯಲ್ಲಿ ಅಂತ ನಿಯಮ ಮಾಡಿ.

ಖಾತೆ ತೆರೆಯುವಾಗ ಹುಟ್ಟಿದ ದಿನಾಂಕ ನಿಜವಾದದ್ದನ್ನೇ ಕೊಡಿ. ಮಕ್ಕಳ ಖಾತೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಆ ತೊಂದರೆ ತಪ್ಪಿಸಿಕೊಳ್ಳೋಕೆ ಎಷ್ಟೋ ಮನೆಯವರು ವಯಸ್ಸು ಜಾಸ್ತಿ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ಇನ್ನೊಂದು ವಿಷಯ ಬಹಳ ಪೋಷಕರಿಗೆ ಗೊತ್ತಿಲ್ಲ. ಗೇಮ್‌ನಲ್ಲಿ ಸ್ನೇಹಿತರಿಗೆ ಉಡುಗೊರೆ ಕಳಿಸುತ್ತಾರಲ್ಲ, ಅದು ಯಾವ ಜಾಗದಲ್ಲಿ ಸಿಕ್ಕಿತು ಅಂತ ಹೆಸರು, ಫೋಟೋ ಸಮೇತ ಆ ಕಡೆಯವರಿಗೆ ಕಾಣುತ್ತದೆ. ಮಗಳು ದಿನಾ ನಿಮ್ಮ ಬೀದಿ ಗಣಪತಿ ಗುಡಿಯ ಹತ್ತಿರದ ಉಡುಗೊರೆ ಕಳಿಸಿದರೆ ಅವಳು ಎಲ್ಲಿ ಓಡಾಡುತ್ತಾಳೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮುಖ ನೋಡಿದವರು ಮಾತ್ರ ಆ ಪಟ್ಟಿಯಲ್ಲಿ ಇರಲಿ. ಇವತ್ತೇ ಅವಳ ಜೊತೆ ಕೂತು ಒಬ್ಬೊಬ್ಬರನ್ನೇ ‘ಇವರು ಯಾರು?’ ಅಂತ ಕೇಳಿ, ಗೊತ್ತಿಲ್ಲದವರನ್ನು ತೆಗೆಯಿರಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ 8 ವರ್ಷ. ಮುನ್ನೂರು ಪೋಕೆಮಾನ್ ಹೆಸರು ಗಿಣಿಪಾಠ ಒಪ್ಪಿಸುತ್ತಾಳೆ. ಹಿತ್ತಲಲ್ಲಿ ಕೂತ ಹಕ್ಕಿ ಯಾವುದಮ್ಮ ಅಂದರೆ ‘ಬರ್ಡ್’ ಅಂತಾಳೆ. ಬೇಸರವಾಗುತ್ತದೆ.
– ಹಿರಿಯ ಓದುಗರು, ಸಾಗರ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಸರ್. ಬ್ರಿಟನ್ನಿನ ಸಂಶೋಧಕರು 2002ರಲ್ಲಿ ಇದನ್ನೇ ಬರೆದರು. ಶಾಲೆಯ ಮಕ್ಕಳಿಗೆ ಚಿತ್ರ ತೋರಿಸಿ ಹೆಸರು ಕೇಳಿದ್ದರು. 8 ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ಶೇ 78ರಷ್ಟು ಗುರುತಿಸಿದರು. ತಮ್ಮ ಊರಿನ ಗಿಡ, ಹುಳ, ಪ್ರಾಣಿಗಳಲ್ಲಿ ಶೇ 53 ಮಾತ್ರ. ಆದರೆ ಆ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ನಿಮ್ಮ ಮೊಮ್ಮಗಳಿಗೆ ಮುನ್ನೂರು ಹೆಸರು ನೆನಪಿಟ್ಟುಕೊಳ್ಳುವ ಶಕ್ತಿ ಇದೆ. ಹಿತ್ತಲಿನ ಹಕ್ಕಿಯ ಹೆಸರನ್ನು ಅವಳಿಗೆ ಯಾರೂ ಆಟದ ಹಾಗೆ ಕೊಟ್ಟಿಲ್ಲ, ಅಷ್ಟೇ.

ಗೇಮ್‌ನಲ್ಲಿ ಪ್ರತಿ ಪ್ರಾಣಿಗೂ ಒಂದು ನಂಬರ್, ಒಂದು ಚಿತ್ರ, ಎಲ್ಲಿ ಸಿಗುತ್ತದೆ ಅನ್ನುವ ಎರಡು ಸಾಲು ಇರುತ್ತದೆ. ಅದೇ ಥರ ಒಂದು ನೋಟ್‌ಬುಕ್ ಮಾಡಿ. ಒಂದನೇ ನಂಬರ್ ಕೆಂಬೂತ: ಕಣ್ಣು ಕೆಂಪು, ಬೇಲಿಯ ಬುಡದಲ್ಲಿ ನಡೆಯುತ್ತದೆ, ‘ಊಪ್ ಊಪ್’ ಅನ್ನುತ್ತದೆ. ಎರಡು, ಪಿಕಳಾರ. ಮೂರು, ಕಾಜಾಣ: ತನಗಿಂತ ದೊಡ್ಡ ಹದ್ದನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ಚಿತ್ರ ಅವಳು ಬರೆಯಲಿ, ಹೆಸರು ನೀವು ಹೇಳಿ. ಹೆಸರು ಗೊತ್ತಾಗದಿದ್ದರೆ ಸೀಕ್ ಅನ್ನುವ ಉಚಿತ ಆಪ್ ಇದೆ. ಖಾತೆ ತೆರೆಯಬೇಕಿಲ್ಲ, ಕ್ಯಾಮೆರಾ ತೋರಿಸಿದರೆ ಗಿಡ, ಹುಳ, ಹಕ್ಕಿ ಏನಿರಬಹುದು ಅಂತ ಹೇಳುತ್ತದೆ. ಕೆಲವೊಮ್ಮೆ ತಪ್ಪುತ್ತದೆ, ಆಗ ನೀವು ತಿದ್ದಬಹುದು.

ಮಳೆಗಾಲ ಶುರುವಾದಾಗ ನಿಮ್ಮ ಕಡೆ ಎಷ್ಟು ಥರದ ಕಪ್ಪೆ ಕೂಗುತ್ತವೆ! ಅವಕ್ಕೆ ಅಂತ ಕೊನೆಯ ಹತ್ತು ಪುಟ ಖಾಲಿ ಬಿಡಿ.