ಸೆಕ್ಟರ್ ಗೊತ್ತು, ಓಣಿ ಯಾವುದು?

ಪ್ರಶ್ನೆ: ಬ್ಯಾಂಕ್ ನೌಕರಿಗಾಗಿ ಮೈಸೂರಿನಿಂದ ಬಾಗಲಕೋಟೆಯ ನವನಗರಕ್ಕೆ ಬಂದು ಎಂಟು ತಿಂಗಳಾಯ್ತು. ರಸ್ತೆ ಅಗಲವಾಗಿವೆ, ಮನೆ ಚೆನ್ನಾಗಿದೆ. ಆದರೆ ನನಗೆ ಎಲ್ಲಾ ಸೆಕ್ಟರ್ ಒಂದೇ ಥರ ಕಾಣುತ್ತವೆ. ಪಕ್ಕದ ಮನೆ ಅಜ್ಜಿ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ 'ನಮ್ಮೂರು' ಅಂದರೆ ಹಳೇ ಊರಿನ ಕಡೆಗೇ ಕೈ ತೋರಿಸುತ್ತಾರೆ. ಇದೂ ಬಾಗಲಕೋಟೆಯೇ ಅಲ್ವಾ? ಇಲ್ಲಿ ಜನರ ಜೊತೆ ಬೆರೆಯೋದು ಹೇಗೆ?
– ಓದುಗರೊಬ್ಬರು, ನವನಗರ

ಉತ್ತರ: ಅಜ್ಜಿ ಹೇಳೋದು ಸರಿ ಇದೆ, ತಂಗಿ. ಇದು ಜನ ತಾವಾಗಿ ಬಂದು ಬೆಳೆಸಿದ ಊರಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ, ಹಳೇ ಊರಿನ ತಗ್ಗಿನ ಓಣಿಗಳು ಮುಳುಗಡೆಗೆ ಹೋದವು. ಆ ಮನೆಗಳವರಿಗಾಗಿ ದೂರದ ಎತ್ತರದಲ್ಲಿ ನಕ್ಷೆ ಹಾಕಿ ಕಟ್ಟಿದ್ದು ನವನಗರ. ಆ ಯೋಜನೆ ಮಾಡಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಸರ್ಕಾರಿ ಕಚೇರಿಗಳು ಇಲ್ಲಿ ಬಂದವು, ಅವುಗಳ ಹಿಂದೆ ನಿಮ್ಮಂಥ ನೌಕರದಾರರೂ ಬಂದರು.

ಮುಳುಗಡೆಯಾದ ನಮಗೆಲ್ಲ ಸೈಟು ಸಿಕ್ಕಿತು, ದುಡ್ಡು ಸಿಕ್ಕಿತು. ಓಣಿ ಸಿಗಲಿಲ್ಲ. ನಮ್ಮ ಹಳೇ ಮನೆ ಕೆಡವುವ ದಿನ ಅಪ್ಪ ಮುಂಬಾಗಿಲನ್ನು ಚೌಕಟ್ಟು ಸಮೇತ ಬಿಚ್ಚಿಸಿ ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದ. ಇವತ್ತಿಗೂ ನಮ್ಮ ಸಿಮೆಂಟಿನ ಮನೆಗೆ ಅದೇ ಬಾಗಿಲು. ಸಾಗವಾನಿಯದು, ಗಿಡ್ಡ, ಒಳಗೆ ಬರೋರು ತಲೆ ಬಗ್ಗಿಸಲೇಬೇಕು. ಅವ್ವ ದಿನಾ ಅದರ ಹೊಸ್ತಿಲಿಗೆ ಅರಿಷಿಣ ಹಚ್ಚುತ್ತಾಳೆ. ಆದರೆ ಅಲ್ಲಿ ಎದುರಿಗಿದ್ದ ಮನೆಯವರಿಗೆ ಬೇರೆ ಸೆಕ್ಟರಿನಲ್ಲಿ ಸೈಟು ಬಂತು, ಮೊದಲು ಕಟ್ಟೆ ಮೇಲೆ ಕೂತೇ ಅವರನ್ನು ಮಾತಾಡಿಸುತ್ತಿದ್ದ ಅವ್ವ ಈಗ ಅವರ ಮನೆಗೆ ಹೋಗಬೇಕಂದ್ರೆ ಆಟೋ ಹತ್ತಬೇಕು. ನನಗೆ ಈಗಲೂ ಜಾಸ್ತಿ ಬೇಜಾರಾಗೋದು ಇದಕ್ಕೇ.

ಅದಕ್ಕೇ ಹೇಳೋದು, ಅಜ್ಜಿಯನ್ನು ಸೆಕ್ಟರ್ ಬಗ್ಗೆ ಕೇಳಬೇಡಿ. 'ನಿಮ್ದು ಯಾವ ಓಣಿ ಅಜ್ಜಿ?' ಅಂತ ಕೇಳಿ. ಕಿಲ್ಲಾ ಅನ್ನಬಹುದು, ಹಳಪೇಟ, ಜೈನಪೇಟ, ವೆಂಕಟಪೇಟ, ಹೊಸಪೇಟ ಅನ್ನಬಹುದು. ಆಮೇಲೆ ನೀವು ಏನೂ ಕೇಳೋದು ಬೇಕಾಗಲ್ಲ, ಯಾರ ಮನೆ ಪಕ್ಕ ಯಾರ ಮನೆ ಇತ್ತು, ನೀರು ಎಲ್ಲಿವರೆಗೆ ಬಂತು, ಎಲ್ಲಾ ಅವರೇ ಹೇಳ್ತಾರೆ. ಒಂದು ತಾಸು ಬಿಡುವು ಮಾಡಿಕೊಂಡು ಹೋಗಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ಬೇಡ ಅನ್ನಬೇಡಿ.

ಇನ್ನೊಂದು, ಈ ಸಲ ಹೋಳಿ ಹಬ್ಬಕ್ಕೆ ರಜೆ ಹಾಕಿ ಮೈಸೂರಿಗೆ ಹೋಗಬೇಡಿ. ಹಳೇ ಊರಿನಲ್ಲಿ ಹಲಗಿ ಬಾರಿಸಲು ಶುರು ಮಾಡಿದರೆ ಸೆಕ್ಟರ್‌ಗಳಲ್ಲಿ ಚದುರಿದವರೆಲ್ಲ ತಮ್ಮ ತಮ್ಮ ಪೇಟೆಗೆ ವಾಪಸ್ ಬರ್ತಾರೆ. ಬಂಡಿಯ ಮೇಲೆ ಬ್ಯಾರಲ್‌ಗಟ್ಟಲೆ ಬಣ್ಣದ ನೀರು, ಎರಚಾಟ ದಿನಗಟ್ಟಲೆ. ಅಜ್ಜಿ ಮನೆಯ ಹುಡುಗರ ಜೊತೆ ಅವರ ಪೇಟೆಗೇ ಹೋಗಿ, ಹಳೇ ಬಟ್ಟೆ ಹಾಕಿಕೊಂಡು.