ಸೈಕಲ್ಲಿಗೆ 10,000 ಲೂಮೆನ್ ಎಲ್‌ಇಡಿ ಲೈಟ್ ಮನೆಯಲ್ಲೇ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಬೀದಿದೀಪ ಇಲ್ಲದ ರಸ್ತೆಯಲ್ಲಿ ರಾತ್ರಿ ಸೈಕಲ್ ತುಳಿಯುತ್ತೀರಿ. ನಿಮ್ಮ ಹತ್ತಿರ 100 ವ್ಯಾಟಿನ ಎಲ್‌ಇಡಿ ಚಿಪ್ ಒಂದಿದೆ, 12 ವೋಲ್ಟಿನ ಬ್ಯಾಟರಿಯೂ ಇದೆ. ಎರಡನ್ನೂ ಸೇರಿಸಿ ಕಾರಿನ ಹೆಡ್‌ಲೈಟನ್ನು ಮೀರಿಸುವಂಥ 10,000 ಲೂಮೆನ್ ಲೈಟ್ ಮಾಡಬೇಕು ಅಂತ ಆಸೆ.

ಕಾರನ್ನು ಮೀರಿಸೋಣ, ಆದರೆ ಆ ಚಿಪ್ಪಿನಿಂದ ಅಲ್ಲ. 10,000 ಲೂಮೆನ್ ಕೂಡ ಬೇಕಾಗಿಲ್ಲ. ಹ್ಯಾಲೊಜೆನ್ ಕಾರುಗಳಲ್ಲಿ ತುಂಬ ಕಡೆ ಕಾಣುವ ಎಚ್4 ಬಲ್ಬು ಲೋ ಬೀಮಿನಲ್ಲಿ ಕೊಡುವುದು ಸುಮಾರು 1000 ಲೂಮೆನ್, ಹೈ ಬೀಮಿನಲ್ಲಿ ಸುಮಾರು 1650. ಎರಡೂ ಬಲ್ಬು ಸೇರಿದರೆ 3300. ಅಷ್ಟೇ ಬೆಳಕಿನಲ್ಲಿ ಕಾರು ಹೆದ್ದಾರಿಯಲ್ಲಿ ಓಡುತ್ತದೆ. ಗಂಟೆಗೆ 25 ಕಿಲೋಮೀಟರ್ ಹೋಗುವ ಸೈಕಲ್ಲಿಗೆ ಅದರ ಮೂರು ಪಟ್ಟು ಯಾಕೆ ಹೇಳಿ?

ನಿಮ್ಮ ಚಿಪ್ಪಿನ ತೊಂದರೆ ಏನೆಂದರೆ, ಆ ಹಳದಿ ಚೌಕದೊಳಗೆ ಸಾಮಾನ್ಯವಾಗಿ ನೂರು ಪುಟ್ಟ ಎಲ್‌ಇಡಿಗಳು ಇರುತ್ತವೆ, ಹತ್ತು ಹತ್ತರ ಸಾಲಿನಲ್ಲಿ. ಹತ್ತು ಎಲ್‌ಇಡಿ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಇದ್ದರೆ ಹತ್ತಿರ ಹತ್ತಿರ 30 ವೋಲ್ಟ್ ಬೇಕು. 12 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಅದು ಹತ್ತುವುದೇ ಇಲ್ಲ. ವೋಲ್ಟೇಜ್ ಏರಿಸಿ ಕೊಡುವ ಬೂಸ್ಟ್ ಡ್ರೈವರ್ ಹಾಕಿ ಹತ್ತಿಸಬಹುದು, ಆಗ ಬ್ಯಾಟರಿಯಿಂದ 9-10 ಆಂಪಿಯರ್ ಎಳೆಯುತ್ತದೆ. ಒಳಗೆ ಹೋದ 100 ವ್ಯಾಟಿನಲ್ಲಿ 60-70 ವ್ಯಾಟ್ ಬರೀ ಬಿಸಿಯಾಗಿ ಹೊರಬರುತ್ತದೆ. ಅದನ್ನು ತಣ್ಣಗಿಡಲು ಹ್ಯಾಂಡಲ್ ಮೇಲೆ ಫ್ಯಾನ್ ಇರುವ ಹೀಟ್‌ಸಿಂಕ್ ಹೊರಬೇಕು.

ಇದೆಲ್ಲ ಮಾಡಿದರೂ ರಸ್ತೆ ಚೆನ್ನಾಗಿ ಕಾಣುವುದಿಲ್ಲ. ಯಾಕೆಂದರೆ ಆ ಚಿಪ್ಪಿನಲ್ಲಿ ಬೆಳಕು ಹೊರಡುವ ಜಾಗ ಎರಡು ಸೆಂಟಿಮೀಟರಿಗೂ ಅಗಲ. ಅಷ್ಟು ಅಗಲದ ಜಾಗದಿಂದ ಬರುವ ಬೆಳಕನ್ನು ಸಣ್ಣ ಲೆನ್ಸಿನಿಂದ ಕಿರಿದಾದ ಕಿರಣ ಮಾಡಲು ಆಗುವುದಿಲ್ಲ, ಲೆನ್ಸು ಊಟದ ತಟ್ಟೆಯಷ್ಟು ದೊಡ್ಡದಾಗಬೇಕು. ಸಣ್ಣ ಲೆನ್ಸ್ ಹಾಕಿದರೆ ಸಿಗುವುದು ಫ್ಲಡ್‌ಲೈಟ್: ಮರದ ಕೊಂಬೆ, ಪಕ್ಕದ ಗೋಡೆ, ಎದುರು ಬರುವವರ ಕಣ್ಣು ಎಲ್ಲಕ್ಕೂ ಬೆಳಕು, ರಸ್ತೆಗೆ ಮಾತ್ರ ಚೂರುಪಾರು. ಆ ಚಿಪ್ಪನ್ನು ಮನೆಯಲ್ಲಿ ಕೆಲಸ ಮಾಡುವ ಮೇಜಿನ ಮೇಲೆ ಹಾಕಿಕೊಳ್ಳಿ.

ಲೂಮೆನ್ ಅಂದರೆ ದೀಪದಿಂದ ಹೊರಟ ಒಟ್ಟು ಬೆಳಕು. ರಸ್ತೆಯ ಮೇಲೆ ಎಷ್ಟು ಬಿತ್ತು ಅನ್ನುವುದನ್ನು ಹೇಳುವುದು ಲಕ್ಸ್. ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದೇ ನೀರು ದೂರ ಚಿಮ್ಮುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. 1000 ಲೂಮೆನ್ ಬೆಳಕನ್ನು 40 ಡಿಗ್ರಿ ಕೋನಕ್ಕೆ ಹರಡಿದರೆ 20 ಮೀಟರ್ ದೂರದಲ್ಲಿ ಸಿಗುವುದು 6-7 ಲಕ್ಸ್. ಅದನ್ನೇ 10 ಡಿಗ್ರಿಗೆ ಹಿಡಿದರೆ 100 ಲಕ್ಸ್ ದಾಟುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಲೆನ್ಸಿನಲ್ಲಿ ಒಂದಷ್ಟು ಬೆಳಕು ಪೋಲಾಗುತ್ತದೆ, ಕಿರಣದ ಅಂಚು ಮಬ್ಬಾಗಿರುತ್ತದೆ. ಆದರೂ ಹದಿನಾರು ಪಟ್ಟಿನ ವ್ಯತ್ಯಾಸ ಬಂದದ್ದು ಒಂದೇ ಒಂದು ಲೂಮೆನ್ ಹೆಚ್ಚಿಸದೆ. ಹುಣ್ಣಿಮೆ ಬೆಳದಿಂಗಳು 1 ಲಕ್ಸ್ ಕೂಡ ಇರುವುದಿಲ್ಲ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ನಾನು ಮಾಡಿಕೊಂಡಿರುವ ಲೈಟಿನಲ್ಲಿ ಇರುವುದು ಮೂರೇ ಎಲ್‌ಇಡಿ. ಕ್ರೀ ಕಂಪನಿಯ ಎಕ್ಸ್‌ಎಂ-ಎಲ್2, 5 ಮಿಲಿಮೀಟರ್ ಚೌಕದ್ದು. ಹಳೆಯ ಮಾಡೆಲ್ಲು, ಈಗ ಇದಕ್ಕಿಂತ ಒಳ್ಳೆಯವು ಬಂದಿವೆ. ಆದರೆ ಇದಕ್ಕೆ ಸರಿಹೊಂದುವ ಲೆನ್ಸ್, ಡ್ರೈವರ್ ಎಲ್ಲ ಸುಲಭವಾಗಿ ಸಿಗುತ್ತವೆ. 2 ಆಂಪಿಯರ್ ಕೊಟ್ಟರೆ ಒಂದೊಂದೂ ಸುಮಾರು 700 ಲೂಮೆನ್ ಕೊಡುತ್ತದೆ. ಮೂರು ಸೇರಿದರೆ 2100. ಲೆನ್ಸಿನಲ್ಲಿ, ಬಿಸಿಯಲ್ಲಿ ಹೋದದ್ದು ಹೋಗಿ 1700 ಉಳಿದರೆ ಸಾಕು. ಒಂದೇ ಕಡೆ ಗುರಿಯಿಟ್ಟು ಬಿಟ್ಟರೆ ಅದು ಎಷ್ಟು ಪ್ರಖರ ಅಂದರೆ, ತಗ್ಗಿಸಿ ಕಟ್ಟದಿದ್ದರೆ ಎದುರಿನವರು ಬೈಯುತ್ತಾರೆ.

ಮೂರನ್ನೂ ಸೀರೀಸ್‌ನಲ್ಲೇ ಜೋಡಿಸಿ. ಪ್ಯಾರಲಲ್ (ಅಕ್ಕಪಕ್ಕ) ಮಾಡಿದರೆ ಮೂರಕ್ಕೂ ಕರೆಂಟ್ ಸಮನಾಗಿ ಹಂಚಿಕೆಯಾಗುವುದಿಲ್ಲ, ಒಂದು ಜಾಸ್ತಿ ಎಳೆದು ಬೇಗ ಸಾಯುತ್ತದೆ.

ಇನ್ನು ಡ್ರೈವರ್, ಅಂದರೆ ಬ್ಯಾಟರಿಗೂ ಎಲ್‌ಇಡಿಗೂ ನಡುವೆ ಕೂರುವ ಸರ್ಕ್ಯೂಟ್. "3 ವೋಲ್ಟ್ ಎಲ್‌ಇಡಿ, ಹಾಗಾದರೆ 3 ವೋಲ್ಟ್ ಕೊಟ್ಟರೆ ಆಯಿತು" ಅಂದುಕೊಳ್ಳಬೇಡಿ. ಈ ಎಲ್‌ಇಡಿ 0.7 ಆಂಪಿಯರಿನಲ್ಲಿ ಸುಮಾರು 2.85 ವೋಲ್ಟ್ ತೆಗೆದುಕೊಳ್ಳುತ್ತದೆ, 3 ಆಂಪಿಯರಿನಲ್ಲಿ ಸುಮಾರು 3.3 ವೋಲ್ಟ್. ಅಂದರೆ ಅರ್ಧ ವೋಲ್ಟಿಗಿಂತ ಕಡಿಮೆ ಅಂತರದಲ್ಲಿ ಕರೆಂಟ್ ನಾಲ್ಕು ಪಟ್ಟು ಮೀರಿ ಏರುತ್ತದೆ. ಮೇಲಾಗಿ ಬಿಸಿಯಾದಂತೆಲ್ಲ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ನೀವು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ ಕರೆಂಟ್ ಏರುತ್ತದೆ, ಅದರಿಂದ ಇನ್ನೂ ಬಿಸಿ, ಆಮೇಲೆ ಇನ್ನೂ ಕರೆಂಟ್, ಕೊನೆಗೆ ಹೊಗೆ. ಆದ್ದರಿಂದ ಹಿಡಿದಿಡಬೇಕಾದದ್ದು ಕರೆಂಟನ್ನು. ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಅಂತಲೇ ಕೇಳಿ ತೆಗೆದುಕೊಳ್ಳಿ.

ಮೂರು ಎಲ್‌ಇಡಿ ಸೀರೀಸ್ ಅಂದರೆ 2 ಆಂಪಿಯರಿನಲ್ಲಿ ಸುಮಾರು 9.3 ವೋಲ್ಟ್. ನಾಲ್ಕು ಲಿಥಿಯಂ ಸೆಲ್ ಸೀರೀಸ್‌ನಲ್ಲಿ ಹಾಕಿದರೆ ಪೂರ್ತಿ ಚಾರ್ಜಿನಲ್ಲಿ 16.8 ವೋಲ್ಟ್, ಖಾಲಿಯಾದಾಗ 12. ಬ್ಯಾಟರಿ ಯಾವಾಗಲೂ ಎಲ್‌ಇಡಿಗಳಿಗಿಂತ ಮೇಲೆಯೇ ಇರುತ್ತದೆ, ಹಾಗಾಗಿ ವೋಲ್ಟೇಜ್ ಇಳಿಸಿ ಕೊಡುವ ಬಕ್ ಡ್ರೈವರ್ ಸಾಕು, ಕೊನೆಯವರೆಗೂ ಬೆಳಕು ಕುಂದುವುದಿಲ್ಲ. ಡ್ರೈವರಿಗೆ ಎಲ್‌ಇಡಿ ಜೋಡಿಸದೆ ಪವರ್ ಕೊಟ್ಟು, ಆಮೇಲೆ ಎಲ್‌ಇಡಿ ವೈರ್ ತಾಗಿಸುವ ಅಭ್ಯಾಸ ಬೇಡ. ಎಲ್‌ಇಡಿ ಇಲ್ಲದಿರುವಾಗ ಡ್ರೈವರಿನ ಔಟ್‌ಪುಟ್ ಕೆಪಾಸಿಟರ್ (ಚಾರ್ಜ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಬ್ಯಾಟರಿಯ ಮಟ್ಟಕ್ಕೆ ತುಂಬಿಕೊಂಡಿರುತ್ತದೆ. ತಾಗಿಸಿದ ಕ್ಷಣ ಅಷ್ಟೂ ಎಲ್‌ಇಡಿಯೊಳಗೆ ನುಗ್ಗುತ್ತದೆ.

ಬಿಸಿಯ ವಿಷಯಕ್ಕೆ ಬರೋಣ. ನನ್ನನ್ನು ಕೇಳಿದರೆ ಈ ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. 18-19 ವ್ಯಾಟ್ ಎಲ್‌ಇಡಿಗೆ ಹೋದರೆ ಸುಮಾರು 12 ವ್ಯಾಟ್ ಬಿಸಿಯಾಗುತ್ತದೆ. ಅದು ಅಕ್ಕಿಕಾಳಿನಷ್ಟು ಜಾಗದಲ್ಲಿ ಹುಟ್ಟಿ, ಎಲ್‌ಇಡಿ ಕೂತಿರುವ ಸ್ಟಾರ್ ಬೋರ್ಡಿಗೆ, ಅಲ್ಲಿಂದ ಥರ್ಮಲ್ ಪೇಸ್ಟಿಗೆ (ಬಿಸಿ ದಾಟಿಸಲು ಮಧ್ಯೆ ಹಚ್ಚುವುದು), ಅಲ್ಲಿಂದ ಅಲ್ಯೂಮಿನಿಯಂ ಬಾಡಿಗೆ, ಅಲ್ಲಿಂದ ಗಾಳಿಗೆ ಹೋಗಬೇಕು. ಎಲ್ಲಿ ತಡೆದರೂ ಎಲ್‌ಇಡಿ ಬೇಯುತ್ತದೆ. ಅದಕ್ಕೇ ಸ್ಟಾರ್ ತಾಮ್ರದ್ದೇ ಇರಲಿ, ಅದರಲ್ಲೂ ಎಲ್‌ಇಡಿಯ ನಡುವಿನ ಪ್ಯಾಡ್ ನೇರವಾಗಿ ತಾಮ್ರಕ್ಕೇ ಸೋಲ್ಡರ್ ಆಗಿರುವಂಥದ್ದು. ಅಲ್ಯೂಮಿನಿಯಂ ಸ್ಟಾರಿನಲ್ಲಿ ಮಧ್ಯೆ ಒಂದು ಇನ್ಸುಲೇಶನ್ ಪದರ ಬರುತ್ತದೆ, ಬಿಸಿ ಅಲ್ಲೇ ಅರ್ಧ ನಿಲ್ಲುತ್ತದೆ.

ಬಾಡಿಗೆ ದಪ್ಪ ಗೋಡೆಯ ಚೌಕ ಅಲ್ಯೂಮಿನಿಯಂ ಪೈಪ್ ಚೆನ್ನಾಗಿ ಒಗ್ಗುತ್ತದೆ. ಒಳಗೆ ಅಡ್ಡಲಾಗಿ 5 ಮಿಲಿಮೀಟರ್ ದಪ್ಪದ ಪ್ಲೇಟ್ ಹಾಕಿ ಅದರ ಮೇಲೆ ಸ್ಟಾರ್‌ಗಳನ್ನು ಕೂರಿಸಿ. ಪ್ಲೇಟಿನ ಅಂಚು ಪೈಪಿನ ಗೋಡೆಗೆ ಬಿಗಿಯಾಗಿ ತಾಗಿರಬೇಕು, ಸುಮ್ನೆ ಒಳಗೆ ಇಟ್ಟರೆ ಪ್ರಯೋಜನವಿಲ್ಲ. ಪ್ಲೇಟನ್ನು ಕನ್ನಡಿ ಗಾಜಿನ ಮೇಲೆ ಹರಡಿದ ಎಮರಿ ಪೇಪರಿನಲ್ಲಿ ಉಜ್ಜಿ ಮಟ್ಟಸ ಮಾಡಿ. ಆಮೇಲೆ ಸಾಸಿವೆ ಕಾಳಿನಷ್ಟು ಥರ್ಮಲ್ ಪೇಸ್ಟ್ ಹಾಕಿ, ಸ್ಟಾರನ್ನು ಒತ್ತಿ, ಸ್ವಲ್ಪ ತಿರುಗಿಸಿ, ಒಮ್ಮೆ ಎತ್ತಿ ನೋಡಿ. ಎರಡೂ ಕಡೆ ತೆಳ್ಳಗೆ, ಲೋಹದ ಬಣ್ಣ ಅಲ್ಲಲ್ಲಿ ಇಣುಕುವ ಹಾಗೆ ಪೇಸ್ಟ್ ಹರಡಿದ್ದರೆ ಸರಿಯಾಗಿದೆ. ಒಂದು ಕಡೆ ದಪ್ಪ ಬಿಳಿ ಪದರ, ಇನ್ನೊಂದು ಕಡೆ ಒಣಗಲು ಇದ್ದರೆ ಪ್ಲೇಟ್ ಇನ್ನೂ ಮಟ್ಟಸವಾಗಿಲ್ಲ ಅಂತ ಅರ್ಥ, ಮತ್ತೆ ಉಜ್ಜಿ. ಸ್ಕ್ರೂ ಹಾಕಿ ಬಿಗಿ ಮಾಡಿ, ಪೇಸ್ಟಿನ ಅಂಟನ್ನೇ ನಂಬಬೇಡಿ.

ವೈರ್ ಸೋಲ್ಡರ್ ಮಾಡುವುದು ಸ್ಟಾರನ್ನು ಪ್ಲೇಟಿಗೆ ಕೂರಿಸುವ ಮೊದಲೇ ಆಗಲಿ. ತಾಮ್ರದ ಸ್ಟಾರ್ ಸೋಲ್ಡರಿಂಗ್ ಐರನ್ನಿನ ಬಿಸಿಯನ್ನು ಹೀರಿಕೊಂಡುಬಿಡುತ್ತದೆ. 25 ವ್ಯಾಟಿನ ಚೂಪು ಮೂತಿಯ ಐರನ್ ಇಟ್ಟರೆ ಸೋಲ್ಡರ್ ಕರಗಿದಂತೆ ಕಂಡು ಗುಂಡಗೆ ಉಂಡೆಕಟ್ಟುತ್ತದೆ, ವೈರ್ ಎಳೆದರೆ ಕಿತ್ತು ಬರುತ್ತದೆ. ಅಗಲ ಮೂತಿಯ 60 ವ್ಯಾಟಿನದ್ದು ಇರಲಿ. ಸರಿಯಾದ ಬೆಸುಗೆ ಪ್ಯಾಡಿನ ಮೇಲೆ ಇಳಿಜಾರಾಗಿ ಹರಿದು ಮಿಂಚುತ್ತದೆ. ಪವರ್ ಕೊಡುವ ಮೊದಲು ಮಲ್ಟಿಮೀಟರಿನಲ್ಲಿ ಪ್ಲಸ್, ಮೈನಸ್ ಪ್ಯಾಡುಗಳೆರಡೂ ಬಾಡಿಗೆ ಶಾರ್ಟ್ ಆಗಿಲ್ಲವೆಂದು ನೋಡಿಕೊಳ್ಳಿ.

ಸೈಕಲ್ಲಿನಲ್ಲಿ ಒಂದು ಅನುಕೂಲ ಇದೆ, ಓಡುವಾಗ ಗಾಳಿ ಪುಕ್ಕಟೆ. ತೊಂದರೆ ಬರುವುದು ನಿಂತಾಗ. ಸಿಗ್ನಲ್ಲಿನಲ್ಲೋ ಪಂಕ್ಚರ್ ಹಾಕುವಾಗಲೋ ಫುಲ್ ಬೆಳಕಿನಲ್ಲಿ ಬಿಟ್ಟರೆ ಬಾಡಿ ಏರುತ್ತಾ ಹೋಗುತ್ತದೆ. ಮೊದಲ ಪರೀಕ್ಷೆ ಮೇಜಿನ ಮೇಲೆ, ಗಾಳಿಯಿಲ್ಲದೆ ಮಾಡಿ. ಬೆರಳನ್ನು ಮೂರು-ನಾಲ್ಕು ಸೆಕೆಂಡಿಗಿಂತ ಹೆಚ್ಚು ಇಡಲಾಗದಿದ್ದರೆ ಬಾಡಿ 60 ಡಿಗ್ರಿಯ ಆಸುಪಾಸಿನಲ್ಲಿದೆ, ಒಳಗಿನ ಎಲ್‌ಇಡಿ ಅದಕ್ಕಿಂತ ಜಾಸ್ತಿಯೇ ಬಿಸಿ ಇರುತ್ತದೆ. ಬಿಸಿಯಾದರೆ ತಾನೇ ಕರೆಂಟ್ ಇಳಿಸುವ ಸೆನ್ಸರ್ ಇರುವ ಡ್ರೈವರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಮೂರು ಲೆನ್ಸುಗಳನ್ನೂ ಒಂದೇ ಥರ ಹಾಕಬೇಡಿ. ಎರಡು ಕಿರಿದಾದ ಕೋನದವು ದೂರಕ್ಕೆ. ಮೂರನೆಯದು ಅಡ್ಡಕ್ಕೆ ಅಗಲ, ಉದ್ದಕ್ಕೆ ಕಿರಿದಾಗಿ ಹರಡುವ ಅಂಡಾಕಾರದ ಕಿರಣದ್ದು, ರಸ್ತೆಯ ಅಂಚು, ತಿರುವು ಕಾಣಲು. ಮುಂದಿನ ಚಕ್ರದ ಬುಡದಲ್ಲೇ ತುಂಬ ಬೆಳಕು ಬೀಳುವ ಹಾಗೆ ಮಾಡುವುದು ದಂಡ. ಹತ್ತಿರ ಬೆಳ್ಳಗಾದಷ್ಟೂ ಕಣ್ಣಿನ ಪಾಪೆ ಕಿರಿದಾಗಿ ದೂರ ಕತ್ತಲಾಗುತ್ತದೆ. ಜರ್ಮನಿಯಲ್ಲಿ ಸೈಕಲ್ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಬೀಳದ ಹಾಗೆ ಮೇಲ್ಗಡೆ ಕತ್ತರಿಸಿದಂತಿರಬೇಕು ಅನ್ನುವ ನಿಯಮವೇ ಇದೆ. ಮನೆಯಲ್ಲಿ ಮಾಡುವ ಗುಂಡು ಲೆನ್ಸಿನ ಲೈಟಿಗೆ ಅಂಥ ಗೆರೆ ಬರುವುದಿಲ್ಲ. ಅದಕ್ಕೆ ಇರುವ ದಾರಿ ಒಂದೇ, ತಗ್ಗಿಸಿ ಕಟ್ಟುವುದು: ಗೋಡೆಯಿಂದ ಐದು ಮೀಟರ್ ದೂರ ಸೈಕಲ್ ನಿಲ್ಲಿಸಿ, ಕಿರಣದ ಅತಿ ಪ್ರಖರ ಭಾಗ ಲೈಟಿನ ಎತ್ತರಕ್ಕಿಂತ ಒಂದು ಗೇಣು ಕೆಳಗೆ ಬೀಳುವಂತೆ ತಿರುಗಿಸಿ.

ಲೋ ಮೋಡ್ ಖಂಡಿತ ಇರಲಿ. 0.7 ಆಂಪಿಯರಿನಲ್ಲಿ ಒಂದೊಂದು ಎಲ್‌ಇಡಿ ಸುಮಾರು 280 ಲೂಮೆನ್ ಕೊಡುತ್ತದೆ. ಖರ್ಚು ಮೂರನೇ ಒಂದು ಭಾಗ, ಬೆಳಕು ಮಾತ್ರ ನೂರಕ್ಕೆ 40. ಅದರ ಮೇಲೆ ಅರ್ಧ ಬೆಳಕು ಕಣ್ಣಿಗೆ ಅರ್ಧ ಅನ್ನಿಸುವುದೂ ಇಲ್ಲ, ಅದಕ್ಕಿಂತ ಜಾಸ್ತಿಯೇ ಅನ್ನಿಸುತ್ತದೆ. ನಾನು ಬಹುಪಾಲು ಇದರಲ್ಲೇ ಓಡಿಸುತ್ತೇನೆ, ಫುಲ್ ಹಾಕುವುದು ಇಳಿಜಾರಿನಲ್ಲಿ ಮಾತ್ರ.

ಬ್ಯಾಟರಿಯಲ್ಲಿ ಜುಗ್ಗತನ ಬೇಡ. 3000 ಎಂಎಎಚ್‌ನ ನಾಲ್ಕು 18650 ಅಳತೆಯ ಲಿಥಿಯಂ ಸೆಲ್ ಹಾಕಿದರೆ ಫುಲ್ ಬೆಳಕಿನಲ್ಲಿ ಎರಡು ಗಂಟೆ, ಲೋನಲ್ಲಿ ಆರು ಗಂಟೆ ಬರುತ್ತದೆ. ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಅಚ್ಚಾಗಿದ್ದರೆ ಅಲ್ಲೇ ಬಿಟ್ಟುಬನ್ನಿ. ಆ ಅಳತೆಯ ಒಳ್ಳೆಯ ಸೆಲ್ಲುಗಳೇ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಬೇರೆ ಬೇರೆ ವಯಸ್ಸಿನ ಸೆಲ್ಲುಗಳನ್ನು ಸೀರೀಸ್ ಮಾಡಬೇಡಿ. ಸೆಲ್ಲಿನ ಮೇಲೆ ನೇರವಾಗಿ ಐರನ್ ಇಟ್ಟು ಸೋಲ್ಡರ್ ಮಾಡುವುದೂ ಬೇಡ, ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಆಗಬೇಕು. ಆ ಸೌಲಭ್ಯ ಇಲ್ಲದಿದ್ದರೆ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಇರುವ ರೆಡಿ ಪ್ಯಾಕ್ ಕೊಳ್ಳಿ. ಚಾರ್ಜರ್ ನಾಲ್ಕು ಸೆಲ್ಲಿನ 16.8 ವೋಲ್ಟಿನದ್ದೇ ಆಗಿರಲಿ. ಪ್ಯಾಕಿನ ಪ್ಲಸ್ ವೈರಿನಲ್ಲಿ, ಪ್ಯಾಕಿಗೆ ಆದಷ್ಟು ಹತ್ತಿರ, 3 ಆಂಪಿಯರ್ ಫ್ಯೂಸ್ ಹಾಕಿ. ವೈರ್ ಫ್ರೇಮಿಗೆ ಉಜ್ಜಿ ಸವೆದು ಶಾರ್ಟ್ ಆದ ದಿನ ಅದೇ ನಿಮ್ಮನ್ನು ಕಾಪಾಡುವುದು.

ಮಳೆಗೆ ರಬ್ಬರ್ ಓ-ರಿಂಗ್, ವೈರ್ ಹೊರಬರುವ ಕಡೆ ನೀರು ತಡೆಯುವ ಗ್ಲ್ಯಾಂಡ್ ಹಾಕಿದರೆ ಸಾಕು. ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವಂಥದ್ದು ಬೇಡ. ಅದರಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಡಬ್ಬಿಯೊಳಗೆ ತಾಮ್ರವನ್ನೂ ಎಲ್‌ಇಡಿಯನ್ನೂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನು ಕೇಳಿ ತನ್ನಿ.

ಚಕ್ರ ತಿರುಗಿದಾಗ ಕರೆಂಟ್ ಹುಟ್ಟಿಸುವ ಡೈನಮೊ ಹಬ್‌ನಿಂದ ಇದನ್ನು ಓಡಿಸಬಹುದಾ ಅಂತ ಮುಂದೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಆಗುವುದಿಲ್ಲ. ಸಾಮಾನ್ಯ ಹಬ್ 6 ವೋಲ್ಟ್, 3 ವ್ಯಾಟಿನದ್ದು, ಇದಕ್ಕೆ 20 ವ್ಯಾಟ್ ಬೇಕು.

ಹಿಂದಿನ ಲೈಟಿಗೆ ಇಷ್ಟೆಲ್ಲ ಬೇಡ. ಒಂದೇ ಒಂದು ಕೆಂಪು ಪವರ್ ಎಲ್‌ಇಡಿ, ಅದಕ್ಕೆ ಸುಮಾರು 2.1 ವೋಲ್ಟ್ ಸಾಕು, 0.35 ಆಂಪಿಯರ್ ಕೊಟ್ಟರೆ ಹಗಲಲ್ಲೂ ಕಾಣುತ್ತದೆ. ರಾತ್ರಿ ಅದನ್ನೂ ತಗ್ಗಿಸಬೇಕಾಗುತ್ತದೆ. ಅದರ ಬ್ಯಾಟರಿ ಬೇರೆಯೇ ಇರಲಿ, ಮುಂದಿನ ಪ್ಯಾಕ್ ಕೈಕೊಟ್ಟರೂ ಹಿಂದಿನದು ಉರಿಯುತ್ತಿರಬೇಕು. ಹ್ಯಾಂಡಲ್ಲಿನ ಇನ್ನೊಂದು ತುದಿಯಲ್ಲಿ ಸಣ್ಣದೊಂದು ರೆಡಿಮೇಡ್ ಲೈಟನ್ನೂ ಸಿಕ್ಕಿಸಿಕೊಳ್ಳಿ. ಸೆಲ್ ಖಾಲಿಯಾದಾಗ ಬಿಎಂಎಸ್ ನಿಧಾನಕ್ಕೆ ಬೆಳಕು ಇಳಿಸುವುದಿಲ್ಲ, ಒಂದೇ ಏಟಿಗೆ ಕಟ್ ಮಾಡುತ್ತದೆ.